ಧ್ವನಿ ಸ್ಪಷ್ಟವಿಲ್ಲ ಎಂದು ಬರೆದವಳು

ಟೇಪು ಕೆಟ್ಟಿರಲಿಲ್ಲ. ಸಿರಾನುಶ್ ಅಜ್ಜಿಯ ಮಾತು ಅದರಲ್ಲಿ ಕೊನೆಯ ತನಕ ಸ್ವಚ್ಛವಾಗಿಯೇ ಇತ್ತು — ಇದ್ದಿರಬೇಕು ಎನ್ನುವುದು ಸರಿ, ಏಕೆಂದರೆ ಕೊನೆಯ ತನಕ ನಾನು ಕೇಳಲೇ ಇಲ್ಲ. ಬದುಕುಳಿದ ಅರ್ಮೇನಿಯನ್ ಮುದುಕರ ಮಾತುಗಳ ಆ ಪುಸ್ತಕದಲ್ಲಿ ಅಜ್ಜಿಯ ಹೇಳಿಕೆ ಅರ್ಧಕ್ಕೆ ನಿಂತು, 'ಇಲ್ಲಿಂದ ಮುಂದೆ ಧ್ವನಿ ಸ್ಪಷ್ಟವಿಲ್ಲ' ಎಂಬ ಸಾಲೊಂದು ಬರುತ್ತದಲ್ಲ, ಅದನ್ನು ಟೈಪು ಮಾಡಿದವಳು ನಾನು. ಅದು ಸುಳ್ಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಸುಳ್ಳು ಲೈಬ್ರರಿಗಳ ಕಪಾಟಿನಲ್ಲಿ ಕೂತಿದೆ, ಓದಿದವರೆಲ್ಲ ನಂಬಿದ್ದಾರೆ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡ ರಘುವಿಗೆ ಅಮೆರಿಕದ ವಾಲ್ನಟ್ ಕ್ರೀಕಿನಲ್ಲಿ ಕೆಲಸ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿಕೊಂಡು ಬಂದವಳು. ದಿನವಿಡೀ ಅಪಾರ್ಟ್‌ಮೆಂಟಿನ ಗೋಡೆ ನೋಡಿಕೊಂಡು ಕೂರುವ ಜಾಯಮಾನ ನನ್ನದಲ್ಲ. ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಕೆಲಸ ಹುಡುಕಿದೆ. ಅಲ್ಲಿ ಚಪ್ಪಲಿ ರಿಪೇರಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅನಾಹಿತ್ ಎಂಬ ಅರ್ಮೇನಿಯನ್ ಹೆಂಗಸು ಪುಟ್ಟ ಪ್ರಕಾಶನವೊಂದನ್ನು ನಡೆಸುತ್ತಿದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ನನ್ನ ಟೈಪಿಂಗಿನ ವೇಗ ನೋಡಿ ಆವತ್ತೇ ಕೆಲಸಕ್ಕಿಟ್ಟುಕೊಂಡಳು.

ಮೊದಲನೇ ಮಹಾಯುದ್ಧದ ಕಾಲದಲ್ಲಿ, ತುರ್ಕಿಯ ಆಳ್ವಿಕೆಯಲ್ಲಿದ್ದ ಅರ್ಮೇನಿಯನ್ನರನ್ನು ಮನೆಮಠಗಳಿಂದ ಎಬ್ಬಿಸಿ, ಮರುಭೂಮಿಯ ಕಡೆಗೆ ನಡೆಸಿಕೊಂಡು ಹೋಗಿ ಸಾಯಿಸಿದ ಸಂಗತಿ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಮ್ಮ ಕನ್ನಡದವರ ಗುಂಪಿನಲ್ಲಿ ಹೇಳಿದರೆ, "ಅರ್ಮೇನಿಯಾನಾ? ಅದು ರಷ್ಯಾದಲ್ಲಿ ಅಲ್ವಾ?" ಎಂದು ಕೇಳಿ, ಬಿಸಿಬೇಳೆ ಭಾತಿನ ಪಾತ್ರೆಯ ಕಡೆಗೆ ಹೊರಳುತ್ತಿದ್ದರು. ಬದುಕಿ ಉಳಿದು ಅಮೆರಿಕ ಸೇರಿದವರಿಗೆ ಆಗಲೇ ಎಂಬತ್ತರ ಆಸುಪಾಸು. ಅವರು ಕಣ್ಣು ಮುಚ್ಚುವ ಮುಂಚೆ ಅವರ ಮಾತು ಅಚ್ಚಾಗಬೇಕು, ಅಚ್ಚಾದದ್ದನ್ನು ಸಭೆ ಕರೆದು ಎಲ್ಲರೆದುರು ಓದಬೇಕು, ಪ್ರಶ್ನೆ ಕೇಳುವವರು ಕೇಳಬೇಕು — ಇದು ಅನಾಹಿತ್‌ಳ ಹಟ. "ಹಾಗೇನೂ ನಡೆದೇ ಇಲ್ಲ ಅನ್ನೋರು ಇದಾರೆ. ಅವರ ಮುಂದೆ ಇಡೋಕೆ ನಮ್ಮ ಹತ್ರ ಇರೋದು ಈ ಮುದುಕರ ಬಾಯಿ ಒಂದೇ," ಎನ್ನುತ್ತಿದ್ದಳು.

ಕೆಲಸದ ರೀತಿ ಹೀಗಿತ್ತು. ಅವಳು ಟೇಪ್ ರೆಕಾರ್ಡರ್ ಹಿಡಿದು ಮುದುಕರ ಮನೆಗಳಿಗೆ ಹೋಗುತ್ತಿದ್ದಳು. ಕ್ಯಾಸೆಟ್ಟನ್ನು ನಾನು ಮನೆಗೆ ತಂದು, ಹೆಡ್‌ಫೋನು ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ಟೈಪು ಮಾಡುತ್ತಿದ್ದೆ. ಹಾಳೆಗಳನ್ನು ಅವಳು ಟೇಪಿನ ಜೊತೆ ಒಮ್ಮೆ ತಾಳೆ ನೋಡಿದ ಮೇಲೆ ಆ ಕ್ಯಾಸೆಟ್ಟು ಕಿಟಕಿಯ ಪಕ್ಕದ ಟ್ರೇಗೆ ಬೀಳುತ್ತಿತ್ತು. ಟ್ರೇಗೆ ಬಿದ್ದದ್ದರಲ್ಲಿ ಹಳೆಯದು ಅಳಿಸಿ ಇನ್ನೊಬ್ಬರ ಮಾತನ್ನು ತುಂಬಿಸಿಕೊಳ್ಳುತ್ತಿದ್ದಳು. ಇವತ್ತಿನವರು ಕೇಳಿದರೆ ಎದೆ ಬಡಿದುಕೊಂಡಾರು. ಆಗ ನಮ್ಮ ಕಣ್ಣು ಪುಸ್ತಕದ ಮೇಲಿತ್ತು. ಕ್ಯಾಸೆಟ್ಟು ಬರೀ ಡಬ್ಬಿ.

ಪುಸ್ತಕ ಬರುತ್ತದೆಂಬ ಸುದ್ದಿ ಹರಡಿದ ಮೇಲೆ ಫೋನು ಶುರುವಾಯಿತು. ಎತ್ತಿದರೆ ಮಾತಿಲ್ಲ, ಉಸಿರು ಮಾತ್ರ. ಒಂದು ಬೆಳಿಗ್ಗೆ ನೋಡಿದರೆ ಮೆಟ್ಟಿಲ ಬುಡದ ಬಾಗಿಲಿಗೆ ಯಾರೋ ಕಪ್ಪು ಬಣ್ಣ ಎರಚಿದ್ದರು. ಅಂಗಡಿಯವನು ಒರೆಸಿ ಒರೆಸಿ ಸೋತಿದ್ದ. ಆಮೇಲೆ ಎದುರುಗಡೆ ಒಂದು ಕಾರು ಬಂದು ನಿಲ್ಲತೊಡಗಿತು. ಒಳಗೊಬ್ಬ ಸುಮ್ಮನೆ ಕೂತಿರುತ್ತಿದ್ದ. ಅವನು ಹೆಂಡತಿಗೋ ಸ್ನೇಹಿತನಿಗೋ ಕಾಯುತ್ತಿದ್ದಿರಬಹುದು. ಆದರೂ ಅನಾಹಿತ್ ಪರದೆ ಎಳೆದು, ಹಗಲಲ್ಲೇ ದೀಪ ಹಾಕಿಕೊಂಡು ಕೆಲಸ ಮಾಡಲು ಶುರು ಮಾಡಿದಳು. "ಪುಕ್ಕಲುತನ ನೋಡು ನನ್ನದು," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಾನಾಗ ಬಸುರಿ. ಅದಕ್ಕೆ ಮುಂಚಿನ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ನನಗೆ ತಾಯಿ ಇರಲಿಲ್ಲ. ಬಾಣಂತನಕ್ಕೆಂದು ಅತ್ತೆ ಬಹಳ ಮುಂಚೆಯೇ ಮೈಸೂರಿನಿಂದ ಬಂದಿದ್ದರು. ಒಂದು ಮಧ್ಯಾಹ್ನ ನಾನು ಟೈಪು ಮಾಡುತ್ತ ಕಣ್ಣೊರೆಸಿಕೊಳ್ಳುವುದನ್ನು ಕಂಡು ಹತ್ತಿರ ಬಂದರು. "ಏನಮ್ಮ ಅದು, ಕಿವಿಗೆ ಹಾಕ್ಕೊಂಡು ಅಳ್ತಾ ಕೂತಿದೀಯ?" ಹೇಳಿದೆ. ಅವರು ಬಯ್ಯಲಿಲ್ಲ. ಎದುರಿನ ಕುರ್ಚಿ ಎಳೆದು ಕೂತು, "ಬಸುರಿ ಕಿವಿಗೆ ಸಾವಿನ ಸುದ್ದಿ ಹಾಕದೆ ಇರೋ ಮನೆ ನಮ್ದು. ನೀನು ನೋಡಿದ್ರೆ ಕೂತ್ಕೊಂಡು ಅದನ್ನೇ ಕೇಳ್ತಿದೀಯಲ್ಲಮ್ಮ. ಒಂದು ಹೋಗಿದ್ದು ಸಾಲ್ದಾ?" ಎಂದರು.

ನಾನು ನಂಬುವವಳಲ್ಲ ಎಂದುಕೊಂಡಿದ್ದೆ. ಆದರೆ ಆ ವಾರವೇ ನಮ್ಮ ಮನೆಯ ಫೋನೂ ಹೊಡೆದುಕೊಂಡಿತು. ಅತ್ತೆ ಎತ್ತಿದರು, ರಿಸೀವರನ್ನು ಕಿವಿಯಿಂದ ದೂರ ಹಿಡಿದು ನನ್ನ ಕಡೆ ತಿರುಗಿದರು. "ಯಾರೋ ಉಸಿರಾಡ್ತಿದಾರೆ ಕಣಮ್ಮ, ಮಾತೇ ಆಡ್ತಿಲ್ಲ." ರಾಂಗ್ ನಂಬರ್ ಇದ್ದೀತು. ರಘು ಮಾತ್ರ, "ನಮಗ್ಯಾಕೆ ಊರ ಉಸಾಬರಿ? ಬಿಟ್ಟುಬಿಡು," ಎಂದ. ಅತ್ತೆ ನನ್ನ ಕೈಗೆ ಕಪ್ಪು ದಾರ ಕಟ್ಟಿದರು. ನಾನು ಕೈ ಚಾಚಿ ಕಟ್ಟಿಸಿಕೊಂಡೆ.

ಇಂಥ ಹೊತ್ತಿನಲ್ಲಿ ಸಿರಾನುಶ್ ಅಜ್ಜಿಯ ಕ್ಯಾಸೆಟ್ಟು ಬಂತು. ಅವರು ಅನಾಹಿತ್‌ಳ ಸ್ವಂತ ಅಜ್ಜಿ, ಗಿಲ್‌ರಾಯ್‌ನಲ್ಲಿ ಮಗನ ಮನೆಯಲ್ಲಿದ್ದರು. ಮನೆಯವರೆದುರು ಆ ದಿನಗಳ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಕಡೆಗೆ ಒಪ್ಪಿಕೊಂಡದ್ದೂ ಒಂದು ಷರತ್ತಿನ ಮೇಲೆ: ರೆಕಾರ್ಡರ್ ಹಾಕಿಟ್ಟು ಅನಾಹಿತ್ ಕೋಣೆಯಿಂದ ಹೊರಗೆ ಹೋಗಬೇಕು, ಮನೆಯವರು ಯಾರೂ ಆ ಟೇಪು ಕೇಳಕೂಡದು, ಹೊರಗಿನವರು ಯಾರಾದರೂ ಬರೆದುಕೊಟ್ಟದ್ದನ್ನು ಬೇಕಾದರೆ ಓದಿಕೊಳ್ಳಲಿ. ಹೊರಗಿನವರು — ಅಂದರೆ ನಾನು. "ಇದನ್ನ ನಾನು ತಾಳೆ ನೋಡೋ ಹಾಗಿಲ್ಲ," ಎಂದು ಅನಾಹಿತ್ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಕೊಟ್ಟಳು. "ಕೇಳೋ ಕಿವಿ ನಿನ್ನದೊಂದೇ."

ಅಜ್ಜಿಯ ಇಂಗ್ಲಿಷು ಒರಟು, ಆದರೆ ಒಂದೊಂದು ಮಾತೂ ತಿಳಿಯುತ್ತಿತ್ತು. ಊರು ಬಿಟ್ಟದ್ದು, ದಾರಿಯಲ್ಲಿ ತಾಯಿ ಕುಸಿದದ್ದು, ಹನ್ನೆರಡರ ಹುಡುಗಿಯಾಗಿದ್ದ ತಾನು ನಾಲ್ಕು ಜನ ತಮ್ಮ ತಂಗಿಯರನ್ನು ಕರೆದುಕೊಂಡು, ಚಿಕ್ಕದನ್ನು ಬೆನ್ನ ಮೇಲೆ ಹೊತ್ತು ನಡೆದದ್ದು, ಆಮೇಲೆ ಆ ನಾಲ್ವರಲ್ಲಿ ಒಬ್ಬರೂ ಉಳಿಯದೆ ಹೋದದ್ದು. ಅಷ್ಟನ್ನೂ ಟೈಪು ಮಾಡಿದೆ. ಆಮೇಲೆ ಟೇಪಿನಲ್ಲಿ ಕುರ್ಚಿ ಸರಿದ ಸದ್ದು. ಅಜ್ಜಿಯ ದನಿ ತೀರ ಹತ್ತಿರ ಬಂತು, ಮೈಕಿಗೆ ಬಾಯಿ ಹಚ್ಚಿದ ಹಾಗೆ. "ಅವುಗಳ ಹೆಸರು ಯಾರಿಗೂ ಹೇಳಿಲ್ಲ ನಾನು. ಹೆಸರು ಹಿಡಿದು ಕರೆದ್ರೆ ಬಂದು ನಿಲ್ತವೆ. ಒಂದೇ ಒಂದು ಸಲ ಕರೀತೀನಿ. ಆಮೇಲೆ ನನ್ನನ್ನ ಕೇಳಬೇಡಿ."

ಹೊಟ್ಟೆಯೊಳಗೆ ಮಗು ಹೊರಳಿತು. ಅಥವಾ ಹೊರಳಿತೆಂದು ನನಗೆ ಅನಿಸಿತು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಬಿಸಿಲಿತ್ತು, ಅಡುಗೆಮನೆಯಲ್ಲಿ ಅತ್ತೆ ಕುಕ್ಕರು ಇಡುತ್ತಿದ್ದರು — ಆದರೂ ಬಾಗಿಲ ಕಡೆ ನೋಡಲು ಧೈರ್ಯವಾಗಲಿಲ್ಲ. ಬಂದು ನಿಂತರೆ? ನಿಂತು, ಇಲ್ಲೊಂದು ಕೂಸು ಇದೆ ಎಂದು ಕಂಡರೆ? ದನಿಯ ಗುಂಡಿಯನ್ನು ಸದ್ದು ಪೂರ್ತಿ ಅಡಗುವ ತನಕ ತಿರುಗಿಸಿದೆ. ಟೇಪಿನ ಚಕ್ರಗಳು ಸುತ್ತುತ್ತಲೇ ಇದ್ದವು. ಸದ್ದಿಲ್ಲದೆ ಸುತ್ತುವುದನ್ನು ಕೊನೆಯವರೆಗೆ ನೋಡಿದೆ. ಆಮೇಲೆ ಆ ಸಾಲನ್ನು ಟೈಪು ಮಾಡಿದೆ.

ಅತ್ತೆಯ ತಲೆಗೆ ಇದನ್ನು ಕಟ್ಟಲಾರೆ. ಕೇಳಬೇಡ ಎಂದರೇ ಹೊರತು ಸುಳ್ಳು ಬರೆ ಎನ್ನಲಿಲ್ಲ ಅವರು. 'ನನ್ನ ಕೈಲಾಗದು, ಬೇರೆಯವರಿಗೆ ಕೊಡು' ಎಂದು ಅನಾಹಿತ್‌ಗೆ ಕ್ಯಾಸೆಟ್ಟು ವಾಪಸು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೂಢನಂಬಿಕೆಯವಳು ಎಂದುಕೊಂಡಾಳು ಎಂಬ ನಾಚಿಕೆ — ಬಿ.ಎ. ಓದಿದವಳು, ಕೈಯಲ್ಲಿ ಕಪ್ಪು ದಾರ. ಮಾರನೆಯ ದಿನ ಅವಳಿಲ್ಲದ ಹೊತ್ತು ನೋಡಿಕೊಂಡು ಹೋಗಿ ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಕ್ಯಾಸೆಟ್ಟನ್ನು ಕಿಟಕಿಯ ಪಕ್ಕದ ಟ್ರೇಗೆ ಹಾಕಿದೆ. ಅಭ್ಯಾಸಬಲ ಎಂದು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಅಲ್ಲ. ಅದು ಅಲ್ಲಿ ಉಳಿಯುವುದಿಲ್ಲ ಎಂದು ಗೊತ್ತಿದ್ದೇ ಹಾಕಿದೆ.

ಮೂರು ದಿನ ಬಿಟ್ಟು ಅನಾಹಿತ್ ಕೇಳಿದಳು. ಅಷ್ಟರೊಳಗೆ ಆ ಕ್ಯಾಸೆಟ್ಟಿನಲ್ಲಿ ಇನ್ನಾರದೋ ಮಾತು ತುಂಬಿತ್ತು. "ಏನೂ ಕೇಳಿಸಲಿಲ್ಲವಾ?"

"ಬರೀ ಗರಗರ ಸದ್ದು," ಎಂದೆ.

ಅವಳು ನನ್ನನ್ನು ಸಂಶಯದಿಂದ ನೋಡಿದ್ದರೆ ಎಷ್ಟೋ ವಾಸಿಯಿತ್ತು. ತನ್ನನ್ನೇ ಬೈದುಕೊಂಡಳು, ಹಳೆಯ ರೆಕಾರ್ಡರ್ ಒಯ್ದದ್ದು ತನ್ನ ತಪ್ಪು ಎಂದಳು. ಗಿಲ್‌ರಾಯ್‌ಗೆ ಹೋಗಿ ಅಜ್ಜಿಯ ಕಾಲು ಹಿಡಿದಾದರೂ ಇನ್ನೊಮ್ಮೆ ಹೇಳಿಸುತ್ತೇನೆ ಎಂದಳು. ಆದರೆ ಪ್ರೆಸ್ಸಿನ ಅವಸರ, ಪೊಲೀಸರಿಗೆ ದೂರು, ಸಭೆಗೆ ಜಾಗ ಹುಡುಕುವ ಓಡಾಟ — ಅವಳು ಹೋಗುವ ಮುಂಚೆಯೇ ಅಜ್ಜಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು.

ಪುಸ್ತಕ ಬಂತು. ನನಗೆ ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಗೆ, ಆರೋಗ್ಯವಾಗಿ. ಒಂದು ಭಾನುವಾರ ಮಧ್ಯಾಹ್ನ ಲೈಬ್ರರಿಯೊಂದರ ಸಭಾಂಗಣದಲ್ಲಿ ಪುಸ್ತಕದ ಮೇಲೆ ಚರ್ಚೆ ಇತ್ತು. ಬಾಗಿಲಲ್ಲಿ ಪೊಲೀಸಿನವನೊಬ್ಬ ನಿಂತು ಒಳಬರುವವರ ಚೀಲ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ಸಿರಾನುಶ್ ಅಜ್ಜಿ. ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅನಾಹಿತ್ ಓದಿ ಮುಗಿಸಿದ ಮೇಲೆ ಬೂದು ಕೋಟಿನವನೊಬ್ಬ ಎದ್ದ. ಎದುರಿನ ಕಾರಿನಲ್ಲಿ ಕೂತಿರುತ್ತಿದ್ದವನು ಇವನೇನೋ ಎಂದು ನೋಡಿದೆ, ಗೊತ್ತಾಗಲಿಲ್ಲ. ಅವನ ಮಾತು ಬಹಳ ಮೆತ್ತಗಿತ್ತು.

"ನಾಲ್ಕು ಮಕ್ಕಳು ಸತ್ತರು ಅಂತ ಬರೆದಿದ್ದೀರಿ. ಒಂದಕ್ಕೂ ಹೆಸರಿಲ್ಲ. ಹೆಸರು ಬರೋ ಜಾಗಕ್ಕೆ ಸರಿಯಾಗಿ ಟೇಪು ಕೆಟ್ಟಿದೆ. ಅವರು ಇಲ್ಲೇ ಇದ್ದಾರಲ್ಲ, ಹೇಳಲಿ."

ಅನಾಹಿತ್, ಅಜ್ಜಿಗೆ ಮಾತು ಹೋಗಿದೆ ಎಂದಳು. ಅವನು, "ಅದೂ ಹೋಗಿದೆಯಾ," ಎಂದು ಏನೋ ಬರೆದುಕೊಂಡ. ಎಲ್ಲೋ ಒಬ್ಬಿಬ್ಬರು ನಕ್ಕರು. ಆಗ ಅಜ್ಜಿಯ ಎಡಗೈ ಮೇಲೆದ್ದಿತು. ತುಟಿ ಕದಲಿತು, ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು, ಮತ್ತೆ ಹೊರಟಿತು. ಇನ್ನೆಂದೂ ಹೇಳುವುದಿಲ್ಲ ಎಂದಿದ್ದ ಜೀವ, ಎಲ್ಲರೆದುರು ಹೇಳಲು ಒದ್ದಾಡುತ್ತಿತ್ತು. ಅಲ್ಲಿದ್ದ ಯಾರಿಗೂ ಅದು ಅರ್ಥವಾಗಲಿಲ್ಲ.

ನಾನು ಎದ್ದು ನಿಂತು, 'ಅವರು ಹೇಳಿದ್ದರು, ಟೇಪು ಸರಿಯಿತ್ತು, ಕೇಳದೆ ಬಿಟ್ಟವಳು ನಾನು' ಎನ್ನಬೇಕಿತ್ತು. ಅಷ್ಟೇ. ಹೆಸರುಗಳು ವಾಪಸು ಬರುತ್ತಿರಲಿಲ್ಲ, ಆದರೆ ಆ ಮುದುಕಿ ಸುಳ್ಳಿ ಅನ್ನಿಸಿಕೊಳ್ಳುತ್ತಿರಲಿಲ್ಲ. ಮಡಿಲಲ್ಲಿ ಮಗು ಕೊಸರಿತು. ಅದನ್ನೇ ನೆಪ ಮಾಡಿಕೊಂಡು ಎದ್ದೆ, ಮಗುವನ್ನು ಎದೆಗೊತ್ತಿಕೊಂಡು ಪೊಲೀಸಿನವನನ್ನು ದಾಟಿ ಹೊರಗೆ ಹೋದೆ. ಬಾಗಿಲು ಮುಚ್ಚಿಕೊಳ್ಳುವ ತನಕ ಆ ಗಂಟಲಿನ ಸದ್ದು ಕೇಳುತ್ತಿತ್ತು.

ಆ ಮನುಷ್ಯ ಆಮೇಲೆ ಆ ಹೆಸರಿಲ್ಲದ ಮಕ್ಕಳನ್ನೇ ಹಿಡಿದುಕೊಂಡು, ಇಡೀ ಪುಸ್ತಕವೇ ಕಟ್ಟುಕತೆ ಎಂದು ಎಲ್ಲೋ ಬರೆದ. ಮುಂದಿನ ಪುಸ್ತಕಕ್ಕೆ ಮಾತಾಡಲು ಒಪ್ಪಿದ್ದ ಇಬ್ಬರು ಮುದುಕರು, ನಮ್ಮನ್ನೂ ಹೀಗೇ ಆಡಿಕೊಳ್ಳುತ್ತಾರೆ ಎಂದು ಹಿಂದೆ ಸರಿದರು. ಅವರ ಮಾತೂ ಅವರ ಜೊತೆಗೇ ಹೋಯಿತು. ಸಿರಾನುಶ್ ಅಜ್ಜಿ ಆ ಚಳಿಗಾಲದಲ್ಲಿ ತೀರಿಕೊಂಡರು. ನಾನು ಹೂವು ತೆಗೆದುಕೊಂಡು ಹೋಗಿದ್ದೆ. ಅನಾಹಿತ್ ನನ್ನನ್ನು ತಬ್ಬಿಕೊಂಡು, "ಅವಳ ಮಾತು ಕೇಳಿದವಳು ನೀನೊಬ್ಬಳೇ," ಎಂದಳು. ಆ ಮಾತನ್ನು ಹೇಗೆ ತಡೆದುಕೊಂಡೆ ಎಂದು... ತಡೆದುಕೊಂಡೆ, ಅಷ್ಟೇ. ಮನುಷ್ಯರು ಏನು ಬೇಕಾದರೂ ತಡೆದುಕೊಳ್ಳುತ್ತಾರೆ, ಬಯಲಾಗುವುದೊಂದನ್ನು ಬಿಟ್ಟು.

ಮೊನ್ನೆ ಅವಳ ಫೋನು ಬಂತು. ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುತ್ತಿದ್ದಾಳೆ. ದನಿ ನಡುಗುತ್ತಿತ್ತು, ಅವಳಿಗೂ ಈಗ ವಯಸ್ಸು. "ಆ ಗರಗರದ ನಡುವೆ ಒಂದಾದರೂ ಹೆಸರು, ಹೆಸರಿನ ತುಣುಕು... ನೆನಪು ಮಾಡ್ಕೊಂಡು ನೋಡ್ತೀಯಾ?"

ಯೋಚಿಸಿ ಹೇಳುತ್ತೇನೆ ಎಂದೆ. ಅದೂ ಸುಳ್ಳು. ಯೋಚಿಸುವುದೇನೂ ಇಲ್ಲ. ನನ್ನ ಕೈ ಗುಂಡಿಯನ್ನು ತಲುಪುವ ಮುಂಚೆ ಒಂದು ಹೆಸರು ಕಿವಿಗೆ ಬಿದ್ದುಬಿಟ್ಟಿತ್ತು — 'ಎಲ್ಲರಿಗಿಂತ ಚಿಕ್ಕದು' ಎಂದು ಹೇಳಿ ಅಜ್ಜಿ ಕರೆದದ್ದು, ಅಕ್ಕನ ಬೆನ್ನ ಮೇಲಿದ್ದ ಕೂಸಿನದು. ಅದನ್ನು ಹೇಳಿದರೆ, ಆಗಲೇ ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆ ಎದ್ದು, ಟೇಪು ಸರಿಯಿತ್ತೆಂದು ತಿಳಿದುಹೋಗುತ್ತದೆ. ಹಾಗಾಗಿ ಇಷ್ಟು ವರ್ಷವೂ ಆ ಒಂದು ಹೆಸರನ್ನು ನನ್ನೊಳಗೇ ಹೂತಿಟ್ಟುಕೊಂಡೆ. ಕೇಳದೆ ಬಿಟ್ಟದ್ದು ಭಯಕ್ಕೆ. ಕೇಳಿದ್ದನ್ನು ಬಚ್ಚಿಟ್ಟದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ನಾಳೆ ಬೆಳಿಗ್ಗೆ ಅನಾಹಿತ್‌ಳ ಮನೆಗೆ ಹೋಗುತ್ತೇನೆ. ಹೆಸರನ್ನು ಮೊದಲು ಹೇಳಿದರೆ ಅವಳು ಸಂತೋಷಪಟ್ಟು ನನ್ನ ಕೈ ಹಿಡಿದುಕೊಂಡಾಳು, ಹಾಗಾಗಬಾರದು. ಉಳಿದ ಮೂರು ಹೆಸರು ಹೇಗೆ ಹೋದವು ಎಂಬುದನ್ನು ಮೊದಲು ಹೇಳುತ್ತೇನೆ. ಅದಾದ ಮೇಲೂ ಅವಳು ಬಾಗಿಲು ತೋರಿಸದೆ ಕೇಳುತ್ತ ಕೂತಿದ್ದರೆ, ಆ ಕೂಸಿನ ಹೆಸರು ಶುಶಾನ್ ಎಂದು ಹೇಳುತ್ತೇನೆ. ಬಾಗಿಲು ತೋರಿಸಿದರೂ ಹೇಳಿಯೇ ಹೊರಡುತ್ತೇನೆ.