ಒಂದೂವರೆ ಸೇರು ಉಪ್ಪು

ಆ ವರ್ಷ ನಮ್ಮ ಬೀದಿಯ ಹಪ್ಪಳದ ಹಿಟ್ಟು ಕೆಡಿಸಿದವಳು ನಾನು—ನನ್ನ ಅತ್ತೆಯಲ್ಲ. ಅತ್ತೆ ಈಗಿಲ್ಲ. ಅವರೆದುರು ಹೇಳಬೇಕಾಗಿದ್ದುದನ್ನು ನಿಮ್ಮೆದುರು ಹೇಳುತ್ತಿದ್ದೇನೆ.

ಅಂದು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಕಾಫಿ ಸೋಸುತ್ತಿದ್ದೆ. ಗೌರಿಬಿದನೂರಿನ ಬಿಸಿಲು ಆಗಲೇ ಮಾಳಿಗೆ ಏರಿತ್ತು. ಐದು ಮನೆಯವರು ವರ್ಷಕ್ಕಾಗುವ ಉದ್ದಿನ ಹಿಟ್ಟು ತಂದು ನಮ್ಮ ಹಜಾರದಲ್ಲಿ ಒಟ್ಟಿಗೆ ಕಲಸುವ ದಿನ. ಉಪ್ಪೆಷ್ಟು ಎಂದು ಹೇಳುವವರು ಮಾತ್ರ ಯಾವಾಗಲೂ ಅತ್ತೆ. ಓದು ಬಾರದ ಅವರಿಗೆ ಬೀದಿಯಲ್ಲಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿನಲ್ಲಿತ್ತು.

"ಒಂದೂವರೆ ಸೇರು ತರ್ಸಮ್ಮ" ಎಂದರು.

ನಮ್ಮ ಬೀದಿಯ ಅಂಗಡಿಗೆ ಸೇರಿನ ಬದಲು ಕಿಲೋ ತೂಕ ಬಂದದ್ದು ಅದೇ ವಾರ. ಸೇರನ್ನು ಕಿಲೋಗೆ ತಿರುಗಿಸುವ ಕೆಲಸ ಕಾನ್ವೆಂಟಿನಲ್ಲಿ ಓದಿದ ನನ್ನ ಪಾಲಿಗೆ ಬಂತು. ಸೇರೆಂದರೆ ಎಂಬತ್ತು ತೊಲ, ಕಿಲೋಗೆ ತುಸು ಕಡಿಮೆ—ಶಾಲೆಯ ಪಾಠ ಬಾಯಲ್ಲೇ ಇತ್ತು. ಹೆಚ್ಚುಕಡಿಮೆ ಒಂದೂವರೆ ಕಿಲೋ ತರಿಸಿದೆ.

ಅತ್ತೆ ಬಳೆಗಳನ್ನು ಮೇಲಕ್ಕೆ ಸರಿಸಿ, ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಜಾಸ್ತಿ ಇದ್ದಂಗೈತಲ್ಲಮ್ಮ?"

"ಹೊಸ ತೂಕ ಅತ್ತೆ, ಹಂಗೇ ಕಾಣುತ್ತೆ. ನಾನ್ ಲೆಕ್ಕ ಹಾಕಿದೀನಲ್ಲ, ಸುರೀರಿ."

ಸುರಿದರು.

ಹಿಟ್ಟು ಕುಟ್ಟಿ ಮುಗಿದ ಮೇಲೆ ಎದುರುಮನೆಯ ವೆಂಕಟಲಕ್ಷ್ಮಮ್ಮ ಒಂದುಂಡೆ ಬಾಯಿಗೆ ಹಾಕಿಕೊಂಡವಳು ಹಾಗೇ ಅಂಗೈಗೆ ಉಗಿದಳು. "ಅಯ್ಯಯ್ಯೋ ಅಕ್ಕಯ್ಯ, ಸಮುದ್ರಾನೇ ಕಲಸ್ಬಿಟ್ಯಾ!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ನನಗೆ ಹೊಳೆದದ್ದು ಆಗ. ನಮ್ಮ ಕಡೆ ಉಪ್ಪು, ಬೆಲ್ಲ, ಹುಣಸೆಹಣ್ಣು ತೂಗುವುದು ಕಚ್ಚಾ ಸೇರಿನಲ್ಲಿ—ಇಪ್ಪತ್ತನಾಲ್ಕೇ ತೊಲ. ಕಾಲು ಕಿಲೋಗಿಂತ ಒಂದು ಚಿಟಿಕೆ ಹೆಚ್ಚು, ಅಷ್ಟೆ. ನಾನು ಅದರ ಮೂರು ಪಾಲಿಗೂ ಮಿಕ್ಕಿ ಹಾಕಿಸಿದ್ದೆ.

ಅತ್ತೆ ನನ್ನನ್ನು ಒಲೆಯ ಮೂಲೆಗೆ ಕರೆದರು. ಇಂಗಿನ ವಾಸನೆಯ ಜಿಡ್ಡು ಕೈಯಿಂದ ನನ್ನ ಮಣಿಕಟ್ಟು ಹಿಡಿದು, ಮೆಲ್ಲಗೆ, "ನಾನ್ ಎಷ್ಟು ಸೇರಂದೆ?" ಎಂದು ಕೇಳಿದರು.

"ನೆನಪಿಲ್ಲ ಅತ್ತೆ."

ಇದೇ ನನ್ನ ತಪ್ಪು. ಲೆಕ್ಕದ್ದಲ್ಲ—ಈ ಎರಡು ಮಾತಿನದು.

ಅವರು ಹಜಾರಕ್ಕೆ ಹೋಗಿ, "ನಂದೇ ತಪ್ಪು ಕಣ್ರೇ, ಬಾಯ್ತಪ್ಪಿ ಹೇಳಿರ್ಬೇಕು" ಎಂದರು. ನಂಬಿಯೇ ಹೇಳಿದರು. ಆಮೇಲೆ ಬದುಕಿದ್ದಷ್ಟು ಕಾಲ ಸಾರಿಗೂ ತಾವಾಗಿ ಉಪ್ಪು ಹಾಕಲಿಲ್ಲ. ಸೌಟು ಹಿಡಿದು ನಿಂತು, "ಸಾಕಾ ನೋಡಮ್ಮ" ಎನ್ನುತ್ತಿದ್ದರು. ಪ್ರತಿಸಲವೂ ನಾನು ಹೇಳಬಹುದಿತ್ತು. "ಸಾಕು ಅತ್ತೆ" ಎಂದಷ್ಟೇ ಹೇಳುತ್ತಿದ್ದೆ.

ಹಿಟ್ಟು ಕೆಟ್ಟ ದಿನವೇ ಸಂಜೆ ವೆಂಕಟಲಕ್ಷ್ಮಮ್ಮ ತನ್ನ ಲಟ್ಟಣಿಗೆ ತೆಗೆದುಕೊಂಡು ಹೋಗಲು ಬಂದಳು. ಅತ್ತೆ ನಡುಮನೆಯಲ್ಲಿ ದೀಪದ ಬತ್ತಿ ಸರಿಮಾಡುತ್ತಿದ್ದರು. ಅಲ್ಲಿಗೆ ಎಲ್ಲವೂ ಕೇಳಿಸುತ್ತದೆ. ಅವಳು ಹೊಸಿಲು ದಾಟುತ್ತಾ ಹೇಳಿದಳು:

"ಪೋನೀಲೇಮ್ಮ, ಹೋಗ್ಲಿ ಬಿಡು, ವಯಸ್ಸಾಯ್ತಲ್ಲ ಅವ್ರಿಗೆ. ಬರೋ ವರ್ಷದಿಂದ ಉಪ್ಪಿನ ಲೆಕ್ಕ ನೀನೇ ಹೇಳ್ಬಿಡು ಕಣೇ, ಓದಿದೋಳು."