ಒಂದು ಹಾರ್ಮೋನಿಯಂ, ಇಬ್ಬರು ಹುಡುಗಿಯರು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಅರಸೀಕೆರೆಯ ತವರುಮನೆಯಲ್ಲಿ ಬೀರು ತೆಗೆದಾಗಲೂ ಹಾಗೇ ಆಯಿತು. ನಮ್ಮ ಸಂಗೀತದ ಟೀಚರ್ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಸದಾ ನಾಲ್ಕು ಗುಳಿಗೆ ಹಾಕಿಡುತ್ತಿದ್ದರು.

ತೊಂಬತ್ತರ ದಶಕ. ಟೀಚರ್ ರೈಲ್ವೆ ಕ್ವಾರ್ಟರ್ಸ್‌ನಲ್ಲಿದ್ದರು, ಅಪ್ಪನದು ಕೊಬ್ಬರಿ ಮಂಡಿ. ನನ್ನ ತಂಗಿಗೆ ಆಗ ಏಳು ವರ್ಷ. ಮಾತಿರಲಿಲ್ಲ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಟಿಸಂ ಎಂಬ ಪದ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ, ಹುಚ್ಚಿ ಎಂಬ ಪದ ಮಾತ್ರ ಧಾರಾಳವಾಗಿತ್ತು. ನಾನು ಪಾಠಕ್ಕೆ ಹೋಗುವಾಗ ಅವಳನ್ನೂ ಎಳೆದುಕೊಂಡು ಹೋಗುತ್ತಿದ್ದೆ.

ಟೀಚರ್ ಅವಳಿಗೆ ಹಾಡು ಕಲಿಸಲು ಹೋಗಲಿಲ್ಲ. ಒಂದೇ ಹಾರ್ಮೋನಿಯಂ ಮುಂದೆ ಇಬ್ಬರನ್ನು ಕೂರಿಸಿದರು. ತಂಗಿ ತಿದಿ ಒತ್ತಿ ಗಾಳಿ ತುಂಬಬೇಕು, ಪಾಠಕ್ಕೆ ಬರುತ್ತಿದ್ದ ಟೀಚರ ಪಕ್ಕದ ಮನೆಯ ಹುಡುಗಿ ಸ್ವರ ನುಡಿಸಬೇಕು. ಇಬ್ಬರಲ್ಲಿ ಯಾರು ಕೈ ಬಿಟ್ಟರೂ ಸದ್ದಿಲ್ಲ. “ಯಾರೂ ಏನೂ ಹೇಳ್ಬೇಡಿ. ಅವಳೇ ನೋಡ್ತಾಳೆ,” ಎನ್ನುತ್ತಿದ್ದರು. ತಿಂಗಳುಗಟ್ಟಲೆ ಕಾದರು... ಒಂದು ಸಂಜೆ ಆ ಹುಡುಗಿ ಬೇಕೆಂದೇ ಬೆರಳೆತ್ತಿದಳು. ತಂಗಿ ತಲೆಯೆತ್ತಿ ಅವಳ ಮುಖ ನೋಡಿದಳು, ಆ ಬೆರಳು ಹಿಡಿದು ಮತ್ತೆ ಸ್ವರದ ಮೇಲಿಟ್ಟಳು. ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಂದಿನಿಂದ ದಿನಾ ನಾಲ್ಕು ಗಂಟೆಗೆ ತಂಗಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಅಪ್ಪನಿಗೆ ಅಷ್ಟು ಸಾಲಲಿಲ್ಲ. ಮಠದ ಸ್ವಾಮೀಜಿ ಊರಿಗೆ ಬರುವವರಿದ್ದರು. ಮಂಡಿಯವರೆಲ್ಲ ಸೇರುವ ಸಭೆ.

“ಬುದ್ಧಿಯೋರ ಮುಂದೆ ಒಂದ್ಸಲ ಬಾರಿಸ್ಬಿಡ್ಲಿ ಮೇಡಂ. ಊರೋರ ಬಾಯಿ ಮುಚ್ತದೆ,” ಎಂದರು ಅಪ್ಪ.

“ಮೈಕು, ಜನ... ಅವಳಿಗೆ ತಡಿಯಲ್ಲ ಯಜಮಾನ್ರೇ. ದಯವಿಟ್ಟು ಬೇಡ,” ಎಂದು ಟೀಚರ್ ಕೈಮುಗಿದರು. ನಾನು ಅಲ್ಲೇ ನಿಂತಿದ್ದೆ.

ಅಪ್ಪ ಕೇಳಲಿಲ್ಲ. ಸಭೆಯ ದಿನ ಮೈಕು ಕಿರ್ರೆಂದಿತು. ತಂಗಿ ಕಿವಿ ಮುಚ್ಚಿಕೊಂಡು ಕಿರುಚಿದಳು, ತನ್ನ ಕೈಯನ್ನೇ ಕಚ್ಚಿಕೊಂಡಳು, ಹಾರ್ಮೋನಿಯಂ ಒದ್ದಳು. ಕೆಲವರು ನಕ್ಕರು. ಅಷ್ಟೂ ಜನರೆದುರು ಅಪ್ಪ, “ಈಯಮ್ಮನೇ ಕೂರ್ಸಿ ಅಂದಿದ್ದು,” ಎಂದುಬಿಟ್ಟರು. ಹಸಿ ಸುಳ್ಳು! ಟೀಚರ್ ನನ್ನ ಕಡೆ ನೋಡಿದರು. ಹದಿಮೂರು ವರ್ಷದ ನಾನು ತುಟಿಪಿಟಿಕ್ಕೆನ್ನಲಿಲ್ಲ. ಆ ಸಿಟ್ಟು ನನ್ನ ಮೇಲೂ ಇದೆ.

ಪಾಠ ನಿಂತಿತು. “ಮಗೂನ ಮಾತ್ರ ಕಳ್ಸಿ” ಎಂದು ಕೇಳಲು ಟೀಚರ್ ಮೂರು ಸಲ ಮನೆಗೆ ಬಂದರು. ಮೂರು ಸಲವೂ ಅಪ್ಪ ಬಾಗಿಲಿನಿಂದಲೇ ಅಟ್ಟಿದರು. ಒಳಗೆ ತಂಗಿ ಚಪ್ಪಲಿ ಮೆಟ್ಟಿ ನಿಂತೇ ಇದ್ದಳು... ಆ ವರ್ಷವೇ ಟೀಚರ ಯಜಮಾನರಿಗೆ ವರ್ಗವಾಯಿತು. ಎಂದಾದರೂ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಬೇಕೆಂದಿದ್ದೆ. ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ನನಗೆ ಸುದ್ದಿ ತಿಳಿಯಿತು.

ತಂಗಿಗೆ ಈಗ ನಲವತ್ತರ ಹತ್ತಿರ. ಆಮೇಲೆ ಅವಳು ಯಾರ ಮುಖವನ್ನೂ ನೋಡಿಲ್ಲ. ಮೊನ್ನೆ ಬಂದ ನೆಂಟರೊಡನೆ ಅಪ್ಪ, “ಇವ್ಳಿಗೆ ಮಾಡೋದೆಲ್ಲ ಮಾಡಿದ್ವಿ. ಏನೂ ಪ್ರಯೋಜ್ನ ಆಗ್ಲಿಲ್ಲ,” ಎಂದು ನಿಟ್ಟುಸಿರು ಬಿಟ್ಟರು. ನನಗೆ ತಡೆಯಲಾಗಲಿಲ್ಲ.

“ಟೀಚರ್ ಮೈಕ್ ಬೇಡ ಅಂದಿದ್ರು ಅಪ್ಪಾಜಿ! ನಾನೇ ಕೇಳಿಸ್ಕೊಂಡಿದ್ದೆ!” ಎಂದು ಕೂಗಿದೆ.

ಅಪ್ಪ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

“ಯಾವ ಟೀಚರಮ್ಮಾ?”