ನಿಂಗಮ್ಮನ ಸೂಜಿ

೧೯೩೦ರ ದಶಕದ ನಡುಭಾಗದಲ್ಲಿ ನಾನು ಮದ್ದೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಉಪಾಧ್ಯಾಯಿನಿಯಾಗಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ದೊಡ್ಡ ಹೆಂಗಸರಿಗೆ ಮಣಿ ಹೆಣಿಗೆ ಕಲಿಸುತ್ತಿದ್ದೆ. ಕೊನೆಗೊಂದು ಪರೀಕ್ಷೆ. ತೇರ್ಗಡೆಯಾದವರಿಗೆ ಹಳ್ಳಿ ಶಾಲೆಗಳಲ್ಲಿ ಸಹಾಯಕಿಯ ಕೆಲಸ ಸಿಗುವುದಿತ್ತು.

ಆ ಕೆಲಸವನ್ನೇ ನೆಚ್ಚಿ ಬಂದವಳು ಆತಗೂರಿನ ನಿಂಗಮ್ಮ. ಇಪ್ಪತ್ತೆರಡರ ವಿಧವೆ, ಒಕ್ಕಲು ಮನೆತನದವಳು. ಮದ್ದೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ತರಗತಿಗೆ ಬರುತ್ತಿದ್ದಳು. ಉಳಿದವರೆಲ್ಲ ಪೇಟೆಯ ಅಧಿಕಾರಿಗಳ ಮನೆಯವರು. ಪರೀಕ್ಷೆಗೆ ಗಾಜಿನ ಸಣ್ಣ ಮಣಿಗಳಲ್ಲಿ ಗಿಳಿಯೊಂದನ್ನು ಹೆಣೆಯಬೇಕಿತ್ತು. ಅವರ ಗಿಳಿಗಳಿಗೆ ರೆಕ್ಕೆ ಮೂಡಿದರೂ ನಿಂಗಮ್ಮನ ಮಡಿಲಲ್ಲಿ ಒಡೆದ ಮಣಿಗಳ ಚೂರೇ ತುಂಬಿರುತ್ತಿತ್ತು.

ಪರೀಕ್ಷೆಗೆ ಒಂದು ವಾರವಿದ್ದಾಗ ನನ್ನ ತಾಳ್ಮೆ ತಪ್ಪಿತು. “ಕಳೆ ಕಿತ್ತ ಕೈ ಇದು. ಮಣಿಗೆ ಒಗ್ಗೋದಿಲ್ಲ ಬಿಡು,” ಎಂದೆ, ಎಲ್ಲರೆದುರಿಗೇ.

ಅವಳು ಎದ್ದು ಹೋದಳು. ಮರುದಿನ ಬರಲಿಲ್ಲ. ಆತಗೂರಿಗೆ ಹೊರಟುಹೋದಳೆಂದು ತಿಳಿಯಿತು.

ಸಾಮಾನು ಜೋಡಿಸುವಾಗ ಅವಳ ಅರ್ಧ ಗಿಳಿ ಸಿಕ್ಕಿತು, ಸೂಜಿ ಅದರಲ್ಲೇ ನೇತಾಡುತ್ತಿತ್ತು. ಸುಮ್ಮನೆ ಒಂದು ಸಾಲು ಹೆಣೆಯಲು ಕುಳಿತೆ. ಈ ಹೆಣಿಗೆಯಲ್ಲಿ ಒಂದೇ ಮಣಿಯೊಳಗೆ ದಾರ ಎರಡು ಸಲ ಹಾಯಬೇಕು. ಮೊದಲ ಸಲ ಸೂಜಿ ಸಲೀಸಾಗಿ ದಾಟಿತು. ಒಳಗೆ ಆಗಲೇ ದಾರವಿದ್ದುದರಿಂದ ಎರಡನೇ ಸಲ ಅದರ ಕಣ್ಣು ಸಿಕ್ಕಿಕೊಂಡಿತು. ಎಳೆದೆ, ಮಣಿ ಚಟ್ಟೆಂದಿತು. ಇನ್ನೊಂದು ಹಾಕಿದೆ, ಅದೂ ಒಡೆಯಿತು.

ಉಳಿದವರು ಮನೆಯಿಂದ ತಂದಿದ್ದದ್ದು ಹನ್ನೆರಡನೇ ನಂಬರಿನ ಮಣಿಸೂಜಿ. ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. ಕಣ್ಣೂ ಮೈಯಷ್ಟೇ ತೆಳು. ನಿಂಗಮ್ಮನಿಗೆ ಶಾಲೆಯ ಪೆಟ್ಟಿಗೆಯಿಂದ ನಾನೇ ಕೊಟ್ಟದ್ದು ಬಟ್ಟೆ ಹೊಲಿಯುವ ಸೂಜಿ. ಮೊನೆ ಸಣ್ಣಗಿದೆಯೆಂದು ಕೊಟ್ಟಿದ್ದೆ, ಕಣ್ಣಿನ ದಪ್ಪ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಆತಗೂರಿಗೆ ಹೋದೆ. ನಿಂಗಮ್ಮ ಜಗುಲಿಯಲ್ಲಿ ರಾಗಿ ಕೇರುತ್ತಿದ್ದಳು. “ತಪ್ಪು ನನ್ನದು,” ಎಂದು ಅವಳ ಹಳೆಯ ಸೂಜಿಯನ್ನೂ ಹನ್ನೆರಡನೇ ನಂಬರಿನ ಹೊಸದೊಂದನ್ನೂ ಒಂದಿಷ್ಟು ಮಣಿಗಳ ಜೊತೆ ಮುಂದಿಟ್ಟೆ. ಅವಳು ಹೊಸ ಸೂಜಿಯಲ್ಲಿ ಮಣಿಯೊಂದನ್ನು ಪೋಣಿಸಿ, ತಿರುಗಿಸಿ, ಮತ್ತೆ ತೂರಿಸಿದಳು. ಒಡೆಯಲಿಲ್ಲ.

“ಮೂರು ತಿಂಗ್ಳಿಂದ ನನ್ ಕೈನ ನಾನೇ ಬಯ್ಕೊಂಡಿದ್ದೆ ಕಣ್ರಮ್ಮ,” ಎಂದಳು.

“ನಾಳೆ ಬಾ ನಿಂಗಮ್ಮ.”

“ಬತ್ತೀನಿ. ಆದ್ರೆ ಅವತ್ತು ಎಲ್ರ ಮುಂದೆ ಅಂದ್ರಿ. ಇದ್ನೂ ಎಲ್ರ ಮುಂದೇನೇ ಯೋಳಿ.”

ಹೇಳಿದೆ. ಮರುದಿನ, ಎಲ್ಲರೆದುರಿಗೇ. ಉಳಿದ ದಿನಗಳಲ್ಲಿ ಅವಳು ಗಿಳಿಯನ್ನು ಮುಗಿಸಿದಳು, ಕೊಕ್ಕು ಮಾತ್ರ ತುಸು ಸೊಟ್ಟ. ತೇರ್ಗಡೆಯಾಗಿ ಮಳವಳ್ಳಿ ಕಡೆಯ ಶಾಲೆಯೊಂದಕ್ಕೆ ಸಹಾಯಕಿಯಾಗಿ ಹೋದಳು.

ಆಮೇಲೆ ಬಹಳ ವರ್ಷ ಕಲಿಸಿದೆ. ಯಾರಾದರೂ ಕೆಲಸ ಕೆಡಿಸಿದರೆ, ಬಯ್ಯುವ ಮುನ್ನ ಅವರ ಜಾಗದಲ್ಲಿ ಕುಳಿತು, ಅವರ ಸೂಜಿಯಲ್ಲೇ ಒಂದು ಸಾಲು ಹೆಣೆದು ನೋಡುವುದನ್ನು ರೂಢಿ ಮಾಡಿಕೊಂಡೆ. ನನಗೆ ಇಷ್ಟನ್ನು ಕಲಿಸಲು ನಿಂಗಮ್ಮನ ಮೂರು ತಿಂಗಳು ಹಿಡಿಯಿತು.